ತೊಟ್ಟಿಲಲ್ಲಿ ಮಲಗಿದ ರುಬ್ಬುಗುಂಡು

ಪಣಕಹಳ್ಳಿ ಹುಟ್ಟುವ ಮೊದಲೇ ವಿಶಾಲಾಕ್ಷಮ್ಮನ ಮನೆಯ ತೊಟ್ಟಿಲು ಹುಟ್ಟಿತ್ತು. ಮೊದಲು ತೊಟ್ಟಿಲು ಬಂತು, ಅದನ್ನು ತೂಗುಹಾಕಲು ತೊಲೆ ಬಂತು, ತೊಲೆ ಹೊರಲು ಗೋಡೆ ಬಂತು, ಆ ಮನೆಯನ್ನು ಕಂಡು ಹೊಟ್ಟೆ ಉರಿದುಕೊಳ್ಳಲು ನೆರೆಹೊರೆ ಬೇಕಾದ್ದರಿಂದ ಕೊನೆಗೆ ಊರು ಬಂತು. ಇದನ್ನು ನಂಬದವರು ಅವಳ ಜಗಲಿಯ ಮೇಲೆ ಅರ್ಧ ಗಂಟೆ ಕೂತರೆ ಸಾಕಾಗಿತ್ತು. ನಂಬುವವರೆಗೆ ಅವಳು ಏಳಗೊಡುತ್ತಿರಲಿಲ್ಲ.

ಬೀಟೆ ಮರದ ತೊಟ್ಟಿಲು, ಅವಳ ಅತ್ತೆಯದು. ಅತ್ತೆ ಕಣ್ಣು ಮುಚ್ಚುವ ಮುಂಚೆ ಇಬ್ಬರು ಸೊಸೆಯರನ್ನೂ ಎರಡು ಪಕ್ಕ ನಿಲ್ಲಿಸಿಕೊಂಡು ಕಟ್ಟಳೆ ಮಾಡಿ ಹೋಗಿದ್ದಳು: "ತೊಟ್ಟಿಲಲ್ಲಿ ಕೂಸು ಇರೋಗಂಟ ಯಾರೂ ಕೇಳಬ್ಯಾಡಿ. ಬರಿದಾಗಿ ಮೂರು ದಿನ ಆಯ್ತಾ, ವಂಶದಲ್ಲಿ ಮುಂದ್ಲ ಕೂಸು ಯಾರ ಮನೇಲಿ ಅದೋ ಅಲ್ಲಿಗೆ ಓಗಬೇಕು." ಆ ಸೊಸೆಯರಲ್ಲಿ ಹಿರಿಯವಳು ವಿಶಾಲಾಕ್ಷಮ್ಮ. ಕಿರಿಯವಳು ಗುರುಲಿಂಗಮ್ಮ, ಅದೇ ಬೀದಿಯಲ್ಲಿ ಮೂರು ಮನೆ ಆಚೆ ಇದ್ದಳು. ಈ ಓರಗಿತ್ತಿಯನ್ನು ವಿಶಾಲಾಕ್ಷಮ್ಮ ಎಷ್ಟು ಕೀಳಾಗಿ ಕಾಣುತ್ತಿದ್ದಳೆಂದರೆ, ಅವಳ ಮನೆ ಕಡೆಯಿಂದ ಗಾಳಿ ಬೀಸಿತೆಂದು ಒಗೆದು ಹರವಿದ ಬಟ್ಟೆಯನ್ನು ಮತ್ತೆ ನೆನೆಹಾಕುತ್ತಿದ್ದಳು.

ಈಗ ಆ ಗುರುಲಿಂಗಮ್ಮನ ಸೊಸೆ ಪೂಜ ಗುಮಟಾಪುರದ ತವರಿನಲ್ಲಿ ಹೆತ್ತಿದ್ದಳು. ದೀಪಾವಳಿ ಆಗಿ, ಆ ಊರಿನ ಸಗಣಿ ಹಬ್ಬ ಮುಗಿದ ವಾರದಲ್ಲಿ ಬಾಣಂತಿಯನ್ನೂ ಕೂಸನ್ನೂ ಕರೆತರುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ತೊಟ್ಟಿಲು ಬರಿದಾದರೆ ಅದು ಮೂರು ಮನೆ ಆಚೆ ಹೋಗುತ್ತದೆ. ಬರಿದಾಗದಿದ್ದರೆ ಗುರುಲಿಂಗಮ್ಮ ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿಕೊಂಡು ತೂಗಿಕೊಳ್ಳಬೇಕು. ಇನ್ನು ಐದು ವಾರ ಉಳಿದಿತ್ತು.

ವಿಶಾಲಾಕ್ಷಮ್ಮನ ಮೊಮ್ಮಕ್ಕಳು ಮಾದೇಶ, ಗಿರಿಜೆ ಅವಳಿಗಳು. ವಯಸ್ಸು ಎರಡೂವರೆ, ತೂಕ ಒಂದೊಂದೂ ಒಂದು ಮೂಟೆ ಎಲೆಕೋಸು. ಅವು ಹುಟ್ಟಿದಾಗ ಒಂದು ತೊಟ್ಟಿಲು ಸಾಲದೆ, ಬಡಗಿ ಚಿಕ್ಕಸಿದ್ದನನ್ನು ಹಳೆಯದರ ಪಕ್ಕದಲ್ಲೇ ಕೂರಿಸಿ ಕೂದಲೆಳೆ ವ್ಯತ್ಯಾಸವಿಲ್ಲದ ಇನ್ನೊಂದನ್ನು ಮಾಡಿಸಿದ್ದಳು. "ಅವಳಿಗಳ ತೊಟ್ಟಿಲೂ ಅವಳಿಗಳಂಗೇ ಇರಬೇಕು" ಅಂತ ಎರಡಕ್ಕೂ ಒಂದೇ ಡಬ್ಬಿಯ ಹಸಿರು ಪೇಂಟು ಬಳಿಸಿದ್ದಳು. ವಾರ ಬಿಟ್ಟು ಬಂದ ಚಿಕ್ಕಸಿದ್ದನಿಗೇ ತಾನು ಮಾಡಿದ್ದು ಯಾವುದೆಂದು ತಿಳಿಯದೆ ತಲೆ ಕೆರೆದುಕೊಂಡು ಹೋಗಿದ್ದ. ಯಾವುದು ಅತ್ತೆಯದೆಂದು ಗೊತ್ತಿದ್ದದ್ದು ವಿಶಾಲಾಕ್ಷಮ್ಮನೊಬ್ಬಳಿಗೇ. ಹಳೆಯದರ ಪಕ್ಕದ ಹಲಗೆಯ ಅಂಚಿನಲ್ಲಿ, ಅವಳ ಮಗ ಪ್ರಭುಸ್ವಾಮಿ ಹಲ್ಲು ಮೂಡುವಾಗ ಕಚ್ಚಿದ ನಾಲ್ಕು ಗುರುತುಗಳು ಪೇಂಟಿನಡಿ ಮುಚ್ಚಿಹೋಗಿದ್ದವು. ಹೆಬ್ಬೆರಳಾಡಿಸಿದರೆ ಅವಳಿಗೆ ಸಿಗುತ್ತಿದ್ದವು. ಬೇರೆಯವರ ಬೆರಳಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಆ ತೊಟ್ಟಿಲುಗಳಲ್ಲಿ ಮಕ್ಕಳನ್ನು ಈಗ ಮಲಗಿಸುವುದಲ್ಲ, ತುರುಕಬೇಕಾಗಿತ್ತು. ಮಂಡಿ ಗಲ್ಲಕ್ಕೆ ತಾಗುವಂತೆ ಮಡಿಸಿದರೆ ಮಾತ್ರ ಒಳಗೆ ಹಿಡಿಸುತ್ತಿದ್ದವು.

"ಅತ್ತೆ, ಬೆಳಿಗ್ಗೆ ಎದ್ರೆ ಮಾದೇಶ ಅರ್ಧ ಗಂಟೆ ಕುಂಟ್ತನೆ," ಅಂದಳು ಸೊಸೆ ಶಾಂಭವಿ, ರೊಟ್ಟಿ ತಟ್ಟುತ್ತಾ.

"ಕುಂಟಲಿ ಬುಡು. ನನ್ನ ಮಗ ನಾಕು ವರ್ಷಗಂಟ ಅದರಲ್ಲೇ ಮಲಗಿದ್ದ. ಈಗ ಪಿಕಪ್ ಓಡುಸ್ತಾ ಇಲ್ವಾ?"

"ಓಡುಸ್ತರೆ. ಮಂಡಿ ಇನ್ನೂ ಸ್ಟೇರಿಂಗಿಗೆ ತಾಗ್ತದಂತೆ."

"ನಿಮ್ಮ ಚಾಮರಾಜನಗರದೋರು ಚಾಪೆ ಮೇಲೆ ಉಳ್ಳಾಡ್ಕಂಡು ಬೆಳೆದೋರು. ತೊಟ್ಟಿಲ ಸುಖ ನಿಮಗೇನು ಗೊತ್ತು?"

"ನನ್ನ ಕಾಲು ನೆಟ್ಟಗವೆ ಅತ್ತೆ, ಅಷ್ಟೇ ಗೊತ್ತು," ಅಂದು ಶಾಂಭವಿ ರೊಟ್ಟಿಯನ್ನು ಹಂಚಿನ ಮೇಲೆ ಬಡಿದಳು.

ಮಾರನೆಯ ದಿನ ಗಿರಿಜೆ ತೊಟ್ಟಿಲಿನ ಅಂಚು ಹತ್ತಿ, ಅಲ್ಲಿಂದ ಹಗ್ಗ ಹಿಡಿದು, ಹಗ್ಗದಿಂದ ತೊಲೆಗೆ ಕೈ ಚಾಚಿ, ಕೆಳಗೆ ಗುಡ್ಡೆ ಹಾಕಿದ್ದ ಮುಸುಕಿನ ಜೋಳದ ತೆನೆಗಳ ಮೇಲೆ ದೊಪ್ಪನೆ ಬಿದ್ದಳು. ಅವಳ ಕಿರುಚಾಟಕ್ಕೆ ಪಕ್ಕದ ಊರು ತಿಗನಾರೆಯಲ್ಲಿ ಹೊಲ ಮೇಯಲು ಇಳಿದಿದ್ದ ಆನೆ ಹಿಂಡು ದಾರಿ ತಪ್ಪಿಬಂದೆವೆಂದು ಕಾಡಿಗೆ ವಾಪಸಾಯಿತು. ಹಣೆಯ ಮೇಲೆ ಬದನೆಕಾಯಿ ಗಾತ್ರದ ಬೋರೆ ಎದ್ದಿತು.

"ಮಗು ತೆನೆ ಮೇಲೆ ಬಿತ್ತು. ಕಲ್ಲ ಮೇಲೆ ಬಿದ್ದಿದ್ರೆ?" ಶಾಂಭವಿ ಮಗುವನ್ನು ಅಪ್ಪಿಕೊಂಡು ಕೇಳಿದಳು.

"ಬೀಳಲಿಲ್ವಲ್ಲ. ತೊಟ್ಟಿಲಿನ ಗುಣ ಅದು."

ಆ ಸಂಜೆ ಮುದ್ದೆಯ ತಟ್ಟೆ ಮುಂದೆ ಪ್ರಭುಸ್ವಾಮಿ ತಲೆ ಎತ್ತದೆ ಹೇಳಿದ: "ಅವ್ವ, ನಾಳಿದ್ದು ಕೋಸು ಇಳಿಸಕ್ಕೆ ಓದಾಗ ಸತ್ಯಮಂಗಲದಿಂದ ಎರಡು ಮಂಚ ತತ್ತೀನಿ. ಚಿಕ್ಕವು."

"ತಾ. ನಾನು ಸತ್ರೆ ಅದರ ಮೇಲೇ ಮಲಗಿಸುವ್ರಂತೆ."

"ನೀನು ಅದರಲ್ಲಿ ಇಡಿಸಲ್ಲ ಅವ್ವ," ಅಂದ ಮಗ.

ಜಡೇಸ್ವಾಮಿ, ಅಂದರೆ ವಿಶಾಲಾಕ್ಷಮ್ಮನ ಗಂಡ, ಇದರಲ್ಲೆಲ್ಲ ಬಾಯಿ ಹಾಕಲಿಲ್ಲ. ಅವನ ಬಾಯಿ ಇದ್ದದ್ದು ಉಪ್ಸಾರಿಗೆ. ಒರಳಿನಲ್ಲಿ ರುಬ್ಬಿದ ಖಾರ ಒಂದು ಗೋಲಿ, ಸೊಪ್ಪು ಬೆಂದ ಬಿಸಿ ಉಪ್ಸಾರು ಎರಡು ಸೌಟು, ಮುದ್ದೆ ಮೂರು. ಇಷ್ಟಿದ್ದರೆ ಅವನ ತಲೆಯ ಮೇಲೆ ಚಾವಣಿ ಬಿದ್ದರೂ ಹೆಂಚು ಎತ್ತಿಟ್ಟು ಊಟ ಮುಂದುವರಿಸುವ ಆಸಾಮಿ.

ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ ಮಂಚಗಳು ಬಂದವು. ಗುಲಾಬಿ ಬಣ್ಣ, ಸುತ್ತ ಗೇಣೆತ್ತರದ ತಡೆಪಟ್ಟಿ, ತಲೆಗಡೆ ನಗುವ ಮೊಲದ ಚಿತ್ರ. ವಿಶಾಲಾಕ್ಷಮ್ಮ ಅವುಗಳ ಸುತ್ತ ಒಂದು ಸುತ್ತು ಬಂದು, ಮೊಲದ ಮೂಗನ್ನು ಬೆರಳಿನಿಂದ ಕುಟ್ಟಿದಳು.

"ಇದು ಮರವಾ? ರಟ್ಟು. ಮಕ್ಕಳು ಒಂದ ಸಲ ಉಚ್ಚೆ ಉಯ್ದ್ರೆ ಅಂಬಲಿ ಆಯ್ತದ."

ಮಕ್ಕಳು ಅಷ್ಟರಲ್ಲಿ ಮಂಚ ಹತ್ತಿ ಕುಣಿಯುತ್ತಿದ್ದವು. ಆಮೇಲೆ ಯಾರೂ ಹೇಳದೆ ಕಾಲು ಚಾಚಿ ಮಲಗಿದವು. ಎರಡೂವರೆ ವರ್ಷದಲ್ಲಿ ಮೊದಲ ಸಲ ತನ್ನ ಕಾಲು ಅಷ್ಟು ಉದ್ದ ಇದೆ ಎಂದು ಕಂಡು ಮಾದೇಶ ತನ್ನ ಹೆಬ್ಬೆರಳನ್ನು ನೋಡಿ ನಕ್ಕ. ಮಧ್ಯಾಹ್ನದ ನಿದ್ದೆಗೆ ಇಬ್ಬರನ್ನೂ ತೊಟ್ಟಿಲಿಗೆ ಎತ್ತಿ ಹಾಕಲು ಹೋದ ಅಜ್ಜಿಯ ಕೈಯನ್ನು ಗಿರಿಜೆ ಕಚ್ಚಿದಳು.

"ಲೇ," ಅಂದ ಜಡೇಸ್ವಾಮಿ ಹೆಂಡತಿಯನ್ನು ಹಿತ್ತಲಿಗೆ ಕರೆದು, "ಯಾಕೆ ಇಷ್ಟು ರಂಪ? ಚಿಕ್ಕಸಿದ್ದ ಮಾಡಿದ್ದನ್ನೇ ಅವ್ವಂದು ಅಂತ ಗುರುಲಿಂಗಿಗೆ ಕೊಟ್ಟುಬುಡು. ಯಾರಿಗೆ ಗೊತ್ತಾಯ್ತದ?"

"ನನಗೆ ಗೊತ್ತಾಯ್ತದಲ್ಲ! ಅವಳು ನಾಳೆಯಿಂದ ನಲ್ಲಿ ತಾವ ನಿಂತ್ಕಂಡು 'ಅತ್ತೆ ತೊಟ್ಟಿಲು ನನಗೆ ಬಂತು' ಅಂತ ಮೆರೀತಳ. ಸುಳ್ಳೋ ನಿಜವೋ, ಆ ಮಾತು ಅವಳ ಬಾಯಲ್ಲಿ ಬರಬಾರದು. ಬಂದ ದಿನ ನಾನು ಈ ಊರಲ್ಲಿ ತಲೆ ಎತ್ತಕಂಡು ನಡೆಯಲ್ಲ."

"ಸರಿ. ಇವತ್ತು ಸೊಪ್ಪು ಯಾವುದು?" ಅಂದ ಜಡೇಸ್ವಾಮಿ.

ತೊಟ್ಟಿಲು ಬರಿದಾದ ಎರಡನೆಯ ದಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ವಿಶಾಲಾಕ್ಷಮ್ಮ ಎರಡೂ ಮಂಚಗಳನ್ನು ಅಂಗಳಕ್ಕೆ ಎಳೆದು, ಮೇಲೆ ಪಂಚೆ ಹಾಸಿ, ಊರಿಗೆಲ್ಲ ಹತ್ತು ವರ್ಷಕ್ಕಾಗುವಷ್ಟು ಸಂಡಿಗೆ ಇಟ್ಟಳು. ಮಧ್ಯಾಹ್ನ ನಿದ್ದೆಗಣ್ಣಲ್ಲಿ ಬಂದ ಮಕ್ಕಳು ಮಂಚದ ತುಂಬ ಹಸಿ ಸಂಡಿಗೆ ಕಂಡು ಬಾಯಿ ಬಿಟ್ಟು ಅತ್ತವು.

"ಏನು ಅತ್ತೆ ಇದು?"

"ಕಾಣಲ್ವಾ? ಸಂಡಿಗೆ. ಇದಕ್ಕಾದ್ರೂ ಆಯ್ತು ನಿನ್ನ ಗಂಡ ತಂದ ರಟ್ಟು."

ಶಾಂಭವಿ ಪಂಚೆಯ ನಾಲ್ಕು ತುದಿ ಹಿಡಿದು, ಸಂಡಿಗೆಯ ಸಮೇತ ಎತ್ತಿ, ಒಳಗೆ ಹೋಗಿ ಮೊದಲು ಸಿಕ್ಕ ತೊಟ್ಟಿಲಿಗೇ ಸುರಿದಳು.

"ಅಯ್ಯೋ, ಅಯ್ಯೋ! ತೊಟ್ಟಿಲಿಗೆ ಹಿಟ್ಟು ಮೆತ್ತಿದಳಲ್ಲೋ!"

"ಬರಿದಾಗಬಾರದು ಅಂತ ತಾನೆ ನಿಮಗೆ? ಈಗ ತುಂಬದೆ. ಸಂಡಿಗೆ ಬ್ಯಾಡದಿದ್ರೆ ರುಬ್ಬುಗುಂಡು ಇಟ್ಟು ತೂಗಿ. ಹೆಸರಿಕ್ಕೋ ದಿನ ಇಟ್ಟಿದ್ರಲ್ಲ, ಅಂಗೇ!"

ಶಾಂಭವಿ ಅಂದದ್ದು ಉರಿಗೆ. ಆದರೆ ವಿಶಾಲಾಕ್ಷಮ್ಮ ಅಳು ನಿಲ್ಲಿಸಿ ಸೊಸೆಯ ಮುಖ ನೋಡಿದಳು. ಮದುವೆಯಾಗಿ ಬಂದ ಆರು ವರ್ಷದಲ್ಲಿ ಈ ಹುಡುಗಿಯ ಬಾಯಿಂದ ಮೊದಲ ಸಲ ಒಂದು ಬುದ್ಧಿಯ ಮಾತು ಬಿದ್ದಿತ್ತು. ನಿಜವೇ ಅಲ್ಲವೇ? ಹೆಸರಿಡುವ ದಿನ ಕೂಸಿಗಿಂತ ಮುಂಚೆ ತೊಟ್ಟಿಲಿಗೆ ಹೋಗುವುದು ಬಟ್ಟೆ ಸುತ್ತಿದ ಗುಂಡುಕಲ್ಲು. ಅದಕ್ಕೂ ಜೋಗುಳ, ಅದಕ್ಕೂ ಆರತಿ. ಕಲ್ಲು ಆ ದಿನ ಕೂಸಾಗುವುದಾದರೆ ಮಿಕ್ಕ ದಿನ ಯಾಕಾಗಬಾರದು?

ಮೂರನೆಯ ದಿನ ಬೆಳಿಗ್ಗೆ ಒರಳು ಬಾಯಿ ತೆರೆದುಕೊಂಡು ಕೂತಿತ್ತು, ರುಬ್ಬುಗುಂಡು ಇರಲಿಲ್ಲ. ಅದು ಹಾಲ್‌ನಲ್ಲಿ, ಅತ್ತೆಯ ತೊಟ್ಟಿಲಲ್ಲಿ, ಮಾದೇಶನ ಹಳೆಯ ಟೋಪಿ ಹಾಕಿಕೊಂಡು, ಕೌದಿ ಹೊದ್ದು ಮಲಗಿತ್ತು. ವಿಶಾಲಾಕ್ಷಮ್ಮ ಹಗ್ಗ ಜಗ್ಗುತ್ತಾ ಬೀದಿಗೆ ಕೇಳುವಂತೆ ಜೋಗುಳ ಹಾಡುತ್ತಿದ್ದಳು. ಅವಳ ಕಂಠ ಎಂಥದೆಂದರೆ ತಾಳವಾಡಿ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುವುದನ್ನು ನಿಲ್ಲಿಸಿ ದಾರಿ ಬಿಟ್ಟುಕೊಟ್ಟ.

ಮನೆಯ ಮಿಕ್ಸಿ ಸುಟ್ಟುಹೋಗಿ ಎರಡು ತಿಂಗಳಾಗಿತ್ತು. ರಿಪೇರಿಗೆ ಒಯ್ಯುವುದನ್ನು ಪ್ರಭುಸ್ವಾಮಿ ದಿನಾ ಮರೆಯುತ್ತಿದ್ದ. ಹೀಗಾಗಿ ಕಲ್ಲು ಕೂಸಾದ ದಿನದಿಂದ ಅಡುಗೆಮನೆ ಸತ್ತಿತು. ಹುಚ್ಚೆಳ್ಳು ಚಟ್ನಿ ಹೋಯಿತು, ಮಸಾಲೆ ಹೋಯಿತು. ಜಡೇಸ್ವಾಮಿಯ ಎಲೆಗೆ ಖಾರದ ಗೋಲಿಯ ಬದಲು ಪುಡಿ ಉಪ್ಪು, ಕೈಯಲ್ಲಿ ಕಿವುಚಿದ ಹಸಿಮೆಣಸಿನಕಾಯಿ ಬಂತು.

"ಶಾಂಭವಿ, ಇದೇನವ್ವ?"

"ಉಪ್ಸಾರು ಮಾವ."

"ಖಾರ?"

"ಮಲಗದೆ ಮಾವ. ಎದ್ದ ಮೇಲೆ ರುಬ್ತೀನಿ."

ಮುದುಕ ತುತ್ತು ನುಂಗಿ ಹಾಲ್ ಕಡೆ ನೋಡಿದ. "ಲೇ, ಆ ಕಲ್ಲ ಒಂದರ್ಧ ಗಂಟೆ ಕೊಡೇ. ಖಾರ ರುಬ್ಬಿ, ತೊಳೆದು, ಮತ್ತೆ ಮಲಗಿಸ್ತಳ."

"ಅರ್ಧ ಗಂಟೆ ಬರಿದಾದ್ರೂ ಮೂರು ದಿನದ ಲೆಕ್ಕ ಶುರು ಆಯ್ತದ. ತಿನ್ನಿ ಸುಮ್ಕೆ."

"ಮೂವತ್ತೈದು ವರ್ಷ ನಿನ್ನ ಮಾತು ತಿಂದೆ. ಅದರಲ್ಲಾದ್ರೂ ಖಾರ ಇತ್ತು," ಅಂದ ಜಡೇಸ್ವಾಮಿ. ಮದುವೆಯಾದಾಗಿನಿಂದ ಅವನು ಆಡಿದ ಅತಿ ಖಾರದ ಮಾತು ಅದೇ.

ಮಕ್ಕಳು ಮಾತ್ರ ಗುಲಾಬಿ ಮಂಚದಲ್ಲಿ ಕಾಲು ಚಾಚಿ ಮಲಗಿ ಎರಡು ವಾರದಲ್ಲಿ ಎರಡು ಬೆರಳು ಬೆಳೆದವು. ದಿನಾ ಎದ್ದ ತಕ್ಷಣ ಬಂದು ತೊಟ್ಟಿಲಲ್ಲಿ ಇಣುಕುತ್ತಿದ್ದವು.

"ಪಾಪ ಎದ್ದಿಲ್ವಾ ಅಜ್ಜಿ?" ಗಿರಿಜೆ ಕೇಳುತ್ತಿದ್ದಳು.

"ಇಲ್ಲ ಕಣವ್ವ. ನಿಮ್ಮಂಗೆ ದಾಂಡಿಗ ಅಲ್ಲ ಇದು. ಹೇಳಿದ ಮಾತು ಕೇಳ್ತದ."

ಕಲ್ಲು ಕೂಸಾದ ನಾಲ್ಕನೆಯ ವಾರ ಗುರುಲಿಂಗಮ್ಮ ಬಂದಳು. ಹೊಸ್ತಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡು, ಮೂರು ಮನೆ ದೂರಕ್ಕೇ ಮೂರು ಗಾವುದ ನಡೆದವಳಂತೆ ಉಸ್ಸೆಂದಳು.

"ಚೆಂದಾಗಿದ್ದೀಯಾ ಅಕ್ಕ? ಬರೋ ಸೋಮಾರ ಕೂಸ ಕರಕಂಡು ಬತ್ತೀವಿ. ತೊಟ್ಟಿಲ ಇಚಾರ ಮಾಡವ ಅಂತ ಬಂದೆ."

"ತೊಟ್ಟಿಲಲ್ಲಿ ಕೂಸದ. ಕಟ್ಟಳೆ ನಿಂಗೂ ಗೊತ್ತಲ್ಲ."

"ಅವಳಿಗಳು ಎರಡೂ ಬೀದಿ ತುಂಬ ಓಡಾಡ್ತಾವ. ಇನ್ನ್ಯಾವ ಕೂಸಕ್ಕ? ನಿಂದಾ?"

ಒಳಗಿಂದ ಶಾಂಭವಿಯ ಪಾತ್ರೆ ತೊಳೆಯುವ ಸದ್ದು ನಿಂತಿತು. ಗುರುಲಿಂಗಮ್ಮ ಹತ್ತಿರ ಬಂದು, ಕೌದಿ ಸರಿಸಿ, ಟೋಪಿ ಹಾಕಿದ ಕಲ್ಲನ್ನು ಬಹಳ ಹೊತ್ತು ನೋಡಿದಳು. ಗಲ್ಲಕ್ಕೆ ಬೆರಳು ತಾಗಿಸಿ ದೃಷ್ಟಿ ತೆಗೆದಳು.

"ಮುಖ ಥೇಟು ನಿನ್ನಂಗೇ ಅದ ಕಣಕ್ಕ," ಅಂದಳು.

"ನಗು. ಸೋಮಾರ ನಿನ್ನ ಮೊಮ್ಮಗನ್ನ ಸೀರೆ ಜೋಲಿಲಿ ಆಕಿ ತೂಗುವಾಗ ನಗು."

"ನಾನ್ಯಾಕೆ ನಗಲಿ? ಊರೇ ನಗ್ತಾ ಅದ. ನಿಮ್ಮ ಮನೆ ಮುಂದೆ ಬಂದಾಗ ಎಲ್ಲರೂ ಮೆಲ್ಲಗೆ ನಡೀತಾ ಅವ್ರೆ, ಕಲ್ಲು ಎದ್ದುಬುಡ್ತದ ಅಂತ." ಹೊರಟವಳು ಹೊಸ್ತಿಲಲ್ಲಿ ತಿರುಗಿದಳು. "ಹಾಲು ಬುಡಿಸಿದ್ಯಾ, ಇನ್ನೂ ಕುಡೀತದಾ?"

ಆ ಮಾತಿಗೆ ವಿಶಾಲಾಕ್ಷಮ್ಮನ ಮೈ ಉರಿದ ಉರಿಯಲ್ಲಿ ಪಣಕಹಳ್ಳಿಗೆಲ್ಲ ಒಂದು ಹೊತ್ತಿನ ರಾಗಿ ಬೇಯಿಸಬಹುದಿತ್ತು.

ಭಾನುವಾರ ಮಧ್ಯಾಹ್ನ, ಕೂಸು ಬರಲು ಒಂದೇ ದಿನ ಉಳಿದಿರುವಾಗ, ಗುರುಲಿಂಗಮ್ಮ ಬೇಕೆಂತಲೇ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಮನೆ ಮುಂದೆ ಹಾದಳು. ಕಿಟಕಿಯಿಂದ ಅವರನ್ನು ಕಂಡ ವಿಶಾಲಾಕ್ಷಮ್ಮ ಹಗ್ಗ ಎರಡು ಕೈಯಲ್ಲೂ ಹಿಡಿದು ತೂಗಿದಳು. ತೊಟ್ಟಿಲು ಆ ಗೋಡೆಗೆ ಹೋಗಿ ಈ ಗೋಡೆಗೆ ಬಂತು. ಐದು ತಲೆಮಾರಿನ ಕೂಸುಗಳನ್ನು ಹೊತ್ತ ತಳದ ಹಲಗೆ ನಾಲ್ಕು ವಾರದಿಂದ ಕಲ್ಲು ಹೊತ್ತು ಸೋತಿತ್ತು. ಫಟ್ಟೆಂದಿತು. ರುಬ್ಬುಗುಂಡು ತಳ ಒಡೆದುಕೊಂಡು, ಟೋಪಿ ಸಮೇತ, ಸೀದಾ ಅಜ್ಜಿಯ ಬಲಗಾಲಿನ ಮೇಲೆ ಇಳಿಯಿತು. ತೊಟ್ಟಿಲು ಗೋಡೆಗೆ ಬಡಿದು ನಾಲ್ಕು ಹೋಳಾಯಿತು.

ಕೂಗು ಕೇಳಿ ಶಾಂಭವಿ ಓಡಿ ಬಂದಳು. ಅತ್ತೆಯ ಕಾಲಿಗಿಂತ ಮೊದಲು ಅವಳ ಕಣ್ಣು ಬಿದ್ದದ್ದು ಟೋಪಿಯ ಮೇಲೆ. ನೆಲದಲ್ಲಿ ಅಪ್ಪಚ್ಚಿಯಾಗಿ ಬಿದ್ದಿದ್ದ ಮಗನ ಟೋಪಿ. ಅದನ್ನು ಎತ್ತಿಕೊಂಡು, ಧೂಳು ಕೊಡವಿ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅತ್ತೆಯ ಮುಖವನ್ನು ಒಂದು ಸಲ ನೋಡಿದಳು. ಬೈದಿದ್ದರೆ ವಿಶಾಲಾಕ್ಷಮ್ಮ ತಿರುಗಿ ಬೈದು ನೋವು ಮರೆಯುತ್ತಿದ್ದಳು, ಅವಳು ಬೈಯಲಿಲ್ಲ. ನೀರು ತರಲು ಹೋದಳು.

ತಾಳವಾಡಿಯಲ್ಲಿ ಕಟ್ಟು ಹಾಕಿಸಿಕೊಂಡು ಬಂದಾಗ ಕಾಲು ಕುಂಬಳಕಾಯಿಯಾಗಿತ್ತು. ಎರಡು ಬೆರಳು ಮುರಿದಿದ್ದವು. ಅವಳ ಸ್ವಂತ ಮಂಚ ಸೊಂಟದೆತ್ತರದ್ದು, ಹತ್ತುವಂತಿರಲಿಲ್ಲ. ನೆಲಕ್ಕೆ ಕೂತರೆ ಏಳುವಂತಿರಲಿಲ್ಲ. ಮಗ ಸೊಸೆ ಸೇರಿ ಹಾಲ್‌ನಲ್ಲಿದ್ದ ಗುಲಾಬಿ ಮಂಚಗಳಲ್ಲಿ ಒಂದರ ಮೇಲೆ ಇಳಿಸಿದರು. ಮೊಲ ತಲೆಯ ಮೇಲೆ ನಗುತ್ತಿತ್ತು. ಮಂಚ ಮೊಳಕಾಲಿಗೇ ಮುಗಿದುಹೋಗಿದ್ದರಿಂದ ಅವಳು ಮಂಡಿ ಮಡಿಸಿಕೊಂಡು, ಮುದುರಿಕೊಂಡು ಮಲಗಬೇಕಾಯಿತು. ರಟ್ಟು ಮಾತ್ರ ಕಿರ್ರೆನ್ನಲೂ ಇಲ್ಲ.

ಸೋಮವಾರ ಗುರುಲಿಂಗಮ್ಮ ಬಂದಳು. ಜೊತೆಗೆ ಕೂಸನ್ನೆತ್ತಿಕೊಂಡ ಪೂಜ, ಬಾಗಿಲಲ್ಲಿ ಆ ನಾಲ್ಕು ಹೆಂಗಸರು. ಹಾಲ್‌ನಲ್ಲಿ ಒಂದು ಹಸಿರು ತೊಟ್ಟಿಲು ನೇತಾಡುತ್ತಿತ್ತು, ಬರಿದಾಗಿ. ಇನ್ನೊಂದರ ಹೋಳುಗಳು ಮೂಲೆಯಲ್ಲಿ ಬಿದ್ದಿದ್ದವು.

"ಅಯ್ಯೋ ಅಕ್ಕ, ಕೂಸು ಬಿದ್ದುಬುಡ್ತಂತಲ್ಲ! ಪೆಟ್ಟಾಯ್ತಾ ಅದಕ್ಕೆ?"

ಬಾಗಿಲಲ್ಲಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇರಲಿ. ಮುರಿದದ್ದು ಯಾವುದಕ್ಕ? ಅತ್ತೇದಾ, ಹೊಸದಾ?" ಗುರುಲಿಂಗಮ್ಮ ಕೇಳಿದಳು.

ಜಡೇಸ್ವಾಮಿ ಕೈಯಲ್ಲಿದ್ದ ತುತ್ತು ತಡೆದು ಹೆಂಡತಿಯನ್ನು ನೋಡಿದ. ಪ್ರಭುಸ್ವಾಮಿ ನೋಡಿದ. ಅತ್ತೆಯದೇ ಮುರಿದದ್ದು ಅಂದರೆ, ಊರಿಗಿಂತ ಹಳೆಯ ತೊಟ್ಟಿಲನ್ನು ಕಲ್ಲು ತೂಗಿ ಒಡೆದವಳೆಂದು ಇಲ್ಲಿಂದ ತಿಗನಾರೆವರೆಗೆ ಸಂಜೆಯೊಳಗೆ ಸುದ್ದಿ. ಹೊಸದು ಅಂದರೆ, ವಾರಗಟ್ಟಲೆ ಬರಿದಾಗಿ ನೇತಾಡುತ್ತಿರುವುದು ಅತ್ತೆಯದಾಗುತ್ತದೆ. ಅದು ಮೂರು ಮನೆ ಆಚೆ ಹೋಗುತ್ತದೆ.

"ಹೊಸದು," ಅಂದಳು ವಿಶಾಲಾಕ್ಷಮ್ಮ.

"ನನಗೊತ್ತಿತ್ತು!" ಗುರುಲಿಂಗಮ್ಮ ಚಪ್ಪಾಳೆ ತಟ್ಟಿದಳು. "ನಮ್ಮತ್ತೆ ತೊಟ್ಟಿಲು ಎಲ್ಲಾದ್ರೂ ಮುರಿದದಾ? ಚಿಕ್ಕಸಿದ್ದನ ಕೆಲಸವೇ ಅಷ್ಟು. ಇಳಿಸ್ಲಾ ಪ್ರಭು, ಹಗ್ಗ ಬಿಚ್ಚು."

ತೊಟ್ಟಿಲನ್ನು ಅವಳು ನೇರ ದಾರಿಯಲ್ಲಿ ಒಯ್ಯಲಿಲ್ಲ. ಹೆಂಗಸರ ತಲೆಯ ಮೇಲೆ ಹೊರಿಸಿ, ನಲ್ಲಿ ಬಳಸಿ, ಬಸ್ ಸ್ಟಾಪ್ ಬಳಸಿ, ಮೂರು ಮನೆ ದೂರಕ್ಕೆ ಮುಕ್ಕಾಲು ಗಂಟೆ ನಡೆದಳು. "ನಮ್ಮತ್ತೆ ತೊಟ್ಟಿಲು ಕಣವ್ವ, ಅಕ್ಕನೇ ಅವಳ ಬಾಯಲ್ಲೇ ಹೇಳಿ ಕೊಟ್ಟಳು" ಅನ್ನುವುದು ಮಂಚದವರೆಗೂ ಕೇಳಿಸಿತು.

ಶಾಂಭವಿ ಹೋಳುಗಳನ್ನು ಹಿತ್ತಲಿನ ನೀರೊಲೆಗೆ ಒಯ್ಯಲು ಆಯ್ದುಕೊಳ್ಳುತ್ತಿದ್ದಳು. ಒಂದು ಹಲಗೆಯ ಪೇಂಟು ಸಿಬಿರೆದ್ದು ಉದುರಿತ್ತು. ಅದರ ಅಂಚಿನಲ್ಲಿ ನಾಲ್ಕು ಹಲ್ಲಿನ ಗುರುತು. ಗಂಡ ಕೂಸಾಗಿದ್ದಾಗ ಬೀಟೆ ಕಚ್ಚಿದ ಕಥೆಯನ್ನು ಆರು ವರ್ಷದಲ್ಲಿ ಆರು ಸಾವಿರ ಸಲ ಕೇಳಿದವಳು ಅವಳು. ಹಲಗೆಯನ್ನು ತಿರುಗಿಸಿ ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು.

"ಒಲೆಗಾಕಲಾ ಅತ್ತೆ?" ಕೇಳಿದಳು. "ಹೊಸದು ತಾನೆ?"

ವಿಶಾಲಾಕ್ಷಮ್ಮ ಮೊಲದ ಕಡೆ ಮುಖ ತಿರುಗಿಸಿದಳು. "ಊಂ. ಆಕು."

ಬೀಟೆ ಚೆನ್ನಾಗಿ ಉರಿಯಿತು. ಆ ಸಂಜೆ ಮಕ್ಕಳಿಗೆ ಹಂಡೆ ತುಂಬ ಬಿಸಿನೀರು, ಜಡೇಸ್ವಾಮಿಗೆ ಒರಳಲ್ಲಿ ರುಬ್ಬಿದ ಖಾರ ಎರಡು ಗೋಲಿ. ಮಿಂದು ಬಂದ ಮಾದೇಶ, ಗಿರಿಜೆ ಮಂಡಿ ಮಡಿಸಿ ಮಲಗಿದ್ದ ಅಜ್ಜಿಯನ್ನು ಕಂಡು, ಮಂಚದ ಎರಡೂ ತುದಿಗೆ ನಿಂತು ತಳ್ಳತೊಡಗಿದವು.

"ಅಳಬ್ಯಾಡ ಪಾಪ," ಅಂದಳು ಗಿರಿಜೆ. "ಜೋ ಜೋ."